ಊರಿನ ಶಾಸನ ಕಲ್ಲಿಗೆ ಫೋಟೊ ಬದಲಿಯಾಗುತ್ತದೆಯೇ?

ಪ್ರಶ್ನೆ: ನಮ್ಮೂರ ಕೆರೆ ಏರಿಯ ಮೇಲೆ ಅಕ್ಷರ ಕೆತ್ತಿದ ಒಂದು ಕಲ್ಲು, ಪಕ್ಕದಲ್ಲೇ ಎರಡು ವೀರಗಲ್ಲು ಇವೆ. ರಸ್ತೆ ಅಗಲ ಮಾಡುವಾಗ ಅಡ್ಡ ಬರುತ್ತವೆ ಎಂದು ಅವನ್ನು ಕಿತ್ತು ಮೋರಿಗೆ ಹಾಕುವ ಮಾತು ಪಂಚಾಯಿತಿ ಸಭೆಯಲ್ಲಿ ಬಂತು. “ಫೋಟೊ ತೆಗೆದಿಟ್ಟುಕೊಂಡರೆ ಆಯಿತಲ್ಲ” ಎಂದರು. ನಾನು ಬೇಡ ಎಂದೆ. ಯಾಕೆ ಬೇಡ ಎಂದು ಕೇಳಿದವರಿಗೆ ಸರಿಯಾಗಿ ಉತ್ತರಿಸಲಾಗಲಿಲ್ಲ. ದೇಶದ ಇತಿಹಾಸ, ಪರಂಪರೆ ಉಳಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಅದರಿಂದ ನಿಜವಾಗಿ ಆಗುವುದೇನು? ನೀರಿಗೆ, ಕೂಲಿಗೆ ಪರದಾಡುವ ಊರಿಗೆ ಹಳೇ ಕಲ್ಲು ಯಾಕೆ ಬೇಕು? ಇತಿಹಾಸದ ಹೆಸರಲ್ಲಿ ಜಗಳವೇ ಜಾಸ್ತಿಯಾಗುತ್ತಿಲ್ಲವೇ?

ಉತ್ತರ: ಕಲ್ಲು ಮೋರಿಗೆ ಬೀಳುವ ಮುಂಚೆ ಬರೆದಿರಿ, ಒಳ್ಳೆಯದಾಯಿತು. ನಿಮ್ಮ ಸಭೆಯಲ್ಲಿ ಕೇಳಿದ್ದು ನ್ಯಾಯವಾದ ಪ್ರಶ್ನೆ. “ಇದು ನಮ್ಮ ಹೆಮ್ಮೆ” ಎಂಬ ಉತ್ತರ ಅದಕ್ಕೆ ಸಾಲದು. ಹೆಮ್ಮೆ ಪಡುವುದಕ್ಕೆ ಕಥೆ ಇದ್ದರೂ ನಡೆಯುತ್ತದೆ. ಆ ಕಥೆ ನಿಜವೋ ಅಲ್ಲವೋ ಎಂದು ನೋಡಬೇಕಾದಾಗ ಕಲ್ಲು ಬೇಕಾಗುತ್ತದೆ. ಶಾಸನ ಓದುವುದನ್ನೇ ಕಸುಬು ಮಾಡಿಕೊಂಡವನಾಗಿ ನನಗೆ ಮನದಟ್ಟಾಗಿರುವುದು ಇದು: ಹಳೆಯ ವಸ್ತು ಒಂದು ಸಾಕ್ಷಿ. ಸಾಕ್ಷಿ ಬದುಕಿದ್ದರೆ ಮತ್ತೆ ಕರೆದು ಪ್ರಶ್ನೆ ಕೇಳಬಹುದು. ಅದರ ಹೇಳಿಕೆಯ ನಕಲು ಎಷ್ಟೇ ಚೆನ್ನಾಗಿದ್ದರೂ ಅವತ್ತು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ.

ಮಸ್ಕಿಯಿಂದ ಶುರು ಮಾಡುತ್ತೇನೆ. ನಮ್ಮ ನಾಣ್ಯಗಳ ಮೇಲೆ, ಪಾಸ್‌ಪೋರ್ಟಿನ ಮೇಲೆ ಇರುವ ಸಿಂಹಲಾಂಛನ ಅಶೋಕನ ಸಾರನಾಥದ ಕಂಬದ್ದು. ಬಾವುಟದ ಚಕ್ರವೂ ಅಲ್ಲಿಯದೇ. ಈ ಅಶೋಕನ ಹೆಸರು ಬಹಳ ಕಾಲ ಪುರಾಣಗಳ ರಾಜವಂಶಾವಳಿಯಲ್ಲಿ, ಬೌದ್ಧ ಗ್ರಂಥಗಳಲ್ಲಿ ಮಾತ್ರ ಉಳಿದಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿ ಬಿಡಿಸಿದ ಮೇಲೆ, ದೇಶದ ಉದ್ದಗಲಕ್ಕೂ ಬಂಡೆ ಕಂಬಗಳ ಮೇಲೆ ಮಾತಾಡುತ್ತಿರುವವನು “ದೇವಾನಂಪಿಯ ಪಿಯದಸಿ” ಎಂಬ ರಾಜ ಎಂದು ಗೊತ್ತಾಯಿತು. ಅವನೇ ಅಶೋಕ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಹೇಳಿದರು. ಆದರೆ ಆ ಹೆಸರನ್ನು ಬಾಯಿಬಿಟ್ಟು ಹೇಳುವ ಬಂಡೆ ಒಂದೂ ಇರಲಿಲ್ಲ. 1915ರಲ್ಲಿ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ಜಾಡು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಗುಡ್ಡದ ಬಂಡೆಯೊಂದರ ಮೇಲಿನ ಅಕ್ಷರಗಳು ಬಿದ್ದವು. ಅದರ ಮೊದಲಲ್ಲೇ “ದೇವಾನಂಪಿಯಸ ಅಸೋಕಸ” ಎಂದಿತ್ತು. ಎಂಬತ್ತು ವರ್ಷ ಊಹೆಯಾಗಿದ್ದದ್ದು ಅಲ್ಲಿಗೆ ಖಚಿತವಾಯಿತು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಗಳಲ್ಲೂ ಮಧ್ಯಪ್ರದೇಶದ ಗುಜರ್ರಾದಲ್ಲೂ ಆ ಹೆಸರು ಸಿಕ್ಕಿತು.

ಸಾವಿರಕ್ಕೂ ಹೆಚ್ಚು ವರ್ಷ ಆ ಬಂಡೆಯನ್ನು ಯಾರಿಗೂ ಓದಲು ಬರುತ್ತಿರಲಿಲ್ಲ. ಸುತ್ತಲ ಜನಕ್ಕೆ ಅದರಿಂದ ಮೂರು ಕಾಸಿನ ಉಪಯೋಗವೂ ಇರಲಿಲ್ಲ. ಯಾರಾದರೂ ಅದನ್ನು ಸೀಳಿ ಚಪ್ಪಡಿ ಮಾಡಿಕೊಂಡಿದ್ದರೆ ತಪ್ಪು ಎನ್ನುವವರೇ ಇರುತ್ತಿರಲಿಲ್ಲ. ದೇಶದ ಇತಿಹಾಸ ದೆಹಲಿಯ ಕಪಾಟಿನಲ್ಲಿ ಭದ್ರವಾಗಿದೆ ಎಂದು ನಾವು ಅಂದುಕೊಂಡಿರುತ್ತೇವೆ. ಅದರ ಬಹುಭಾಗ ಹೀಗೆ ಹಳ್ಳಿಗಳ ಗುಡ್ಡದಲ್ಲಿ, ಕೆರೆ ಏರಿಯಲ್ಲಿ, ಗುಡಿಯ ಹಿಂಬದಿಯಲ್ಲಿ ಯಾವ ಕಾವಲೂ ಇಲ್ಲದೆ ನಿಂತಿದೆ.

ಸನ್ನತಿಯ ವಿಷಯ ಕೇಳಿ. ಕಲಬುರಗಿ ಜಿಲ್ಲೆಯಲ್ಲಿ, ಭೀಮಾ ನದಿಯ ದಂಡೆಯ ಮೇಲಿರುವ ಊರು. ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ದುರಸ್ತಿಗೆ ಕೈಹಾಕಿದಾಗ, ದೇವಿಯ ಪೀಠವಾಗಿ ಬಳಸಿದ್ದ ಚಪ್ಪಡಿಯ ಎರಡೂ ಮುಖದಲ್ಲಿ ಬ್ರಾಹ್ಮಿ ಅಕ್ಷರಗಳಿರುವುದು ಕಂಡಿತು. ಅದು ಅಶೋಕನ ಶಾಸನ. ಅದರಲ್ಲೂ ಅಲ್ಲಿಯವರೆಗೆ ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ ಇವೆ ಎಂದುಕೊಂಡಿದ್ದ ಪ್ರತ್ಯೇಕ ಶಾಸನಗಳು ಅದರಲ್ಲಿದ್ದವು. “ಎಲ್ಲ ಮನುಷ್ಯರೂ ನನ್ನ ಮಕ್ಕಳು” ಎಂಬ ಮಾತು ಬರುವ ಆಜ್ಞೆಗಳ ಗುಂಪು ಅದು. ಗೆದ್ದ ಕಳಿಂಗದ ಜನರನ್ನು ಸಮಾಧಾನಪಡಿಸಲೆಂದೇ ಇವನ್ನು ಬರೆಸಿದ ಎಂದು ಆವರೆಗೆ ನಂಬಿದ್ದರು. ಕಳಿಂಗದಿಂದ ಅಷ್ಟು ದೂರದ ಭೀಮಾ ತೀರದಲ್ಲಿ ಅವೇ ಮಾತು ಯಾಕೆ ಬಂದವು ಎಂಬ ಹೊಸ ಪ್ರಶ್ನೆ ಹುಟ್ಟಿತು. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಉತ್ಖನನ ನಡೆದಾಗ ದೊಡ್ಡ ಸ್ತೂಪವೇ ಹೊರಬಂತು. ಅಲ್ಲಿ ರಾಣಿಯ ಜೊತೆ ನಿಂತ ರಾಜನ ಉಬ್ಬುಶಿಲ್ಪವಿದೆ, ಮೇಲೆ “ರಾಯ ಅಸೋಕ” ಎಂದು ಬರೆದಿದೆ.

ಆ ಪೀಠದ ಕಲ್ಲಿನ ನಡುವೆ ಹಿಂದೆ ಯಾರೋ ಚೌಕವಾಗಿ ರಂಧ್ರ ಕೊರೆದಿದ್ದರು. ಮೂರ್ತಿ ಕೂರಿಸಲು ಬೇಕಿತ್ತು, ಕೊರೆದರು. ಅವರಿಗೆ ಅಕ್ಷರ ಗೊತ್ತಿರಲಿಲ್ಲ, ದೂರಿ ಫಲವಿಲ್ಲ. ಆದರೆ ಆ ರಂಧ್ರದಲ್ಲಿ ಹೋದ ಅಕ್ಷರ ಮತ್ತೆ ಬರುವುದಿಲ್ಲ. ಪೂಜೆ ಆ ಕಲ್ಲನ್ನು ಶತಮಾನಗಳ ಕಾಲ ಕಾಪಾಡಿತು, ಗಾಯವನ್ನೂ ಮಾಡಿತು. ನಮ್ಮ ಹಳ್ಳಿಗಳ ಮುಕ್ಕಾಲು ಶಾಸನಗಳ ಕಥೆ ಹೀಗೇ ಇದೆ.

ಈಗ ಫೋಟೊ ವಿಷಯ. ಶಾಸನದ ನಕಲು ತೆಗೆಯಲು ನಾವು ಬಳಸುವುದು ಪಡಿಯಚ್ಚು. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದ ಹೊದಿಸಿ, ಗಟ್ಟಿ ಬ್ರಷ್‌ನಿಂದ ಒಂದೇ ಸಮನೆ ತಟ್ಟಬೇಕು. ಕಾಗದ ಅಕ್ಷರದ ಗುಳಿಯೊಳಗೆ ಇಳಿಯುತ್ತದೆ. ಸ್ವಲ್ಪ ಆರಿದ ಮೇಲೆ ಮಸಿಯುಂಡೆಯಿಂದ ಒತ್ತುತ್ತಾ ಹೋದರೆ ಕಲ್ಲಿನ ಮೈ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಒಳ್ಳೆಯ ಪಡಿಯಚ್ಚಿನ ಮುಂದೆ ಸಾಮಾನ್ಯ ಫೋಟೊ ಏನೂ ಅಲ್ಲ. ಈಚೆಗೆ ಬೆಂಗಳೂರಿನ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿಯವರು ಮೂರು ಆಯಾಮದ ಸ್ಕ್ಯಾನಿಂಗ್ ಮಾಡುತ್ತಿದ್ದಾರೆ. ಬರಿಗಣ್ಣಿಗೆ ಕಾಣದಷ್ಟು ಸವೆದ ಗೆರೆಯೂ ಅದರಲ್ಲಿ ಎದ್ದು ಬರುತ್ತದೆ. ನಕಲುಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಕಲ್ಲೇ ಕಳೆದುಹೋದ ಎಷ್ಟೋ ಊರುಗಳ ಶಾಸನ ಇವತ್ತು ನಮಗೆ ಸಿಗುವುದು ಬಿ. ಎಲ್. ರೈಸ್ 1886ರಿಂದ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಮಾತ್ರ.

ಆದರೂ ಗಮನಿಸಿ, ಸ್ಕ್ಯಾನಿಂಗ್ ಮಾಡುವುದಕ್ಕೆ ಕಲ್ಲು ಇರಬೇಕಲ್ಲ? ರೈಸ್ ಕಾಲದಲ್ಲಿ ನಕಲು ಮಾಡಿ ಆಯಿತು ಎಂದು ಕಲ್ಲುಗಳನ್ನು ಬಿಸಾಕಿದ್ದರೆ ಹೊಸ ತಂತ್ರ ಯಾವುದಕ್ಕೆ ಉಪಯೋಗಕ್ಕೆ ಬರುತ್ತಿತ್ತು?

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಭೈರವೇಶ್ವರ ಗುಡಿಯ ಹತ್ತಿರ ಬಂಡೆಯ ಮೇಲೆ ಮೂರೇ ಸಾಲಿನ ಪ್ರಾಕೃತ ಶಾಸನವಿದೆ. ಕದಂಬ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಶಾಸನ. 1929ರಲ್ಲಿ ಅಲ್ಲಿ ಉತ್ಖನನ ನಡೆಸಿದ ಎಂ. ಎಚ್. ಕೃಷ್ಣ ಅದನ್ನು ಓದಿ, ತ್ರೈಕೂಟ, ಆಭೀರ, ಪಲ್ಲವ, ಶಕಸ್ಥಾನ ಮುಂತಾದವರನ್ನೆಲ್ಲ ಮಯೂರ ಗೆದ್ದಿದ್ದ ಎಂದು ಅರ್ಥ ಮಾಡಿದರು. ಅದರ ಮೇಲೆ ಕದಂಬರ ರಾಜ್ಯ ಎಷ್ಟು ದೂರ ಹಬ್ಬಿತ್ತು ಎಂಬ ಲೆಕ್ಕಾಚಾರಗಳೂ ನಡೆದವು. ದಶಕಗಳ ಮೇಲೆ ಚಿತ್ರದುರ್ಗದವರೇ ಆದ ಬಿ. ರಾಜಶೇಖರಪ್ಪ ಬಂಡೆಯ ಮುಂದೆ ಕೂತು ಮತ್ತೆ ಓದಿ, ಅಕ್ಷರಗಳನ್ನು ಬೇರೆ ರೀತಿ ಬಿಡಿಸಿ ಬೇರೆ ಪಾಠವನ್ನೇ ಮುಂದಿಟ್ಟರು. ಕೃಷ್ಣ ದೊಡ್ಡ ವಿದ್ವಾಂಸರು. ಹಲ್ಮಿಡಿ ಶಾಸನವನ್ನು ಲೋಕಕ್ಕೆ ತಿಳಿಸಿದವರೂ ಅವರೇ. ದೊಡ್ಡವರ ಓದನ್ನೂ ಪ್ರಶ್ನಿಸಲು ಸಾಧ್ಯವಾದದ್ದು ಆ ಬಂಡೆ ಮಳೆ ಬಿಸಿಲಿಗೆ ಮೈಯೊಡ್ಡಿ ಅಲ್ಲೇ ಇದ್ದುದರಿಂದ.

ಹಲ್ಮಿಡಿಯದೂ ಹಾಗೆಯೇ. ಸುಮಾರು ಕ್ರಿ.ಶ. 450ರ ಅದು ಕನ್ನಡದ ಅತಿ ಹಳೆಯ ಶಾಸನ ಎಂದು ನಾವೆಲ್ಲ ಶಾಲೆಯಲ್ಲಿ ಓದಿದೆವು. 2013ರ ಸುಮಾರಿಗೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆಯ ಉತ್ಖನನದಲ್ಲಿ ಸಿಂಹಕಟಾಂಜನದ (ಮೆಟ್ಟಿಲ ಪಕ್ಕದ, ಸಿಂಹ ಕೆತ್ತಿದ ತಡೆಗಲ್ಲು) ಮೇಲಿನ ಶಾಸನ ಸಿಕ್ಕಿ, ಅದು 370ರದು ಎಂಬ ವಾದ ಬಂತು. ಎಲ್ಲರೂ ಒಪ್ಪಿಲ್ಲ, ಚರ್ಚೆ ನಡೆದಿದೆ. ಎರಡು ಕಲ್ಲೂ ಇವೆ, ಸಂಶಯ ಇದ್ದವರು ಹೋಗಿ ನೋಡಬಹುದು.

ಇನ್ನು ಜಾಗದ ಮಾತು. ಫೋಟೊ ಏರಿಯ ಮೇಲಿನ ಜಾಗವನ್ನು ಹಿಡಿದಿಡುವುದಿಲ್ಲ. ನಿಮ್ಮ ಕಲ್ಲು ತೂಬಿನ ಹತ್ತಿರ ನಿಂತಿದೆಯೋ, ಕೋಡಿಯ ಹತ್ತಿರವೋ? ತೂಬಿನ ಹತ್ತಿರವಾದರೆ ಕೆರೆ ಕಟ್ಟಿಸಿದ, ತೂಬು ಇಡಿಸಿದ ಶಾಸನ ಇರಬಹುದು. ಕೆರೆ ನೋಡಿಕೊಳ್ಳುವವರಿಗೆ ಬಿಟ್ಟ ಬಿತ್ತುವಟ್ಟದ, ಕಟ್ಟುಕೊಡಗೆಯ ಗದ್ದೆ ಎಲ್ಲಿತ್ತು ಎಂಬುದಕ್ಕೂ ಕಲ್ಲು ನಿಂತ ಜಾಗವೇ ಗುರುತು. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಹಸುಗಳಿದ್ದರೆ ತುರುಗೊಳ್ ಕಾಳಗದಲ್ಲಿ ಊರಿನ ದನ ಬಿಡಿಸಲು ಹೋಗಿ ಸತ್ತವನು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಿರುತ್ತಾರೆ, ಮೇಲೆ ಸೂರ್ಯ ಚಂದ್ರರ ಕೆಳಗೆ ಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ಅವನ ಹೆಸರು ಬಹಳ ಸಲ ಪಟ್ಟಿಕೆಗಳ ನಡುವಿನ ಕಿರಿದಾದ ಅಂಚಿನಲ್ಲಿ ಇರುತ್ತದೆ. ಕಲ್ಲಿನ ಬುಡ ಮಣ್ಣಲ್ಲಿ ಹೂತಿದ್ದರೆ ಕೊನೆಯ ಸಾಲುಗಳೂ ಅಲ್ಲೇ ಹೂತಿರುತ್ತವೆ. ಕೊಟ್ಟವನು ಯಾರು, ಬರೆದವನು ಯಾರು ಎಂಬುದು ಬರುವುದು ಸಾಮಾನ್ಯವಾಗಿ ಆ ಸಾಲುಗಳಲ್ಲೇ. ನಿಮ್ಮ ಮೊಬೈಲಿನ ಫೋಟೊದಲ್ಲಿ ಅವು ಇರುವುದಿಲ್ಲ.

ನನಗೆ ಬಹಳ ಪ್ರಿಯವಾದ ಕಲ್ಲೊಂದಿದೆ, ಆತಕೂರಿನದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಊರು. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಹೋದಾಗ ತಪ್ಪದೆ ನೋಡಿ. ಕಾಲ 949. ಕಲ್ಲಿನ ಮೇಲೆ ನಾಯಿಯೊಂದು ಕಾಡುಹಂದಿಯ ಮೇಲೆ ಎರಗಿದೆ. ನಾಯಿಯ ಹೆಸರು ಕಾಳಿ. ರಾಷ್ಟ್ರಕೂಟ ಮೂರನೇ ಕೃಷ್ಣ, ಅವನ ಕಡೆಯ ಗಂಗ ಬೂತುಗ ಇಬ್ಬರೂ ಚೋಳರ ಮೇಲೆ ಯುದ್ಧ ಮಾಡಿದಾಗ ಬೂತುಗನ ಬಂಟ ಮಣಲೇರ ಎಂಬವನು ಪರಾಕ್ರಮ ತೋರಿದ. ರಾಜ ಮೆಚ್ಚಿ ಏನು ಬೇಕು ಕೇಳು ಎಂದಾಗ ಮಣಲೇರ ಕಾಳಿಯನ್ನು ಕೇಳಿದ. ಮುಂದೆ ಬೇಟೆಯಲ್ಲಿ ಆ ನಾಯಿಯೂ ಹಂದಿಯೂ ಕಾದಾಡಿ ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಗೊರವ (ಶೈವ ಪೂಜಾರಿ) ಉಂಡರೆ ಪಾಪ ಎಂದು ಕಟ್ಟಳೆ ಮಾಡಿದರು. ಅದೇ ಕಲ್ಲಿನಲ್ಲಿ, ಬೂತುಗ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಚೋಳ ರಾಜಾದಿತ್ಯನನ್ನು ಇರಿದು ಕೊಂದ ಎಂಬ ವಿವರವೂ ಇದೆ. ಅದೇ ತಕ್ಕೋಲಂ ಕಾಳಗ, ದಕ್ಷಿಣ ಭಾರತದ ಚರಿತ್ರೆಯ ಗತಿಯನ್ನೇ ತಿರುಗಿಸಿದ ಯುದ್ಧಗಳಲ್ಲಿ ಒಂದು. ರಾಜಾದಿತ್ಯ ಆನೆಯ ಮೇಲೆ ಸತ್ತದ್ದನ್ನು ಚೋಳರ ಶಾಸನಗಳೂ ಒಪ್ಪುತ್ತವೆ. ಗೆದ್ದವರ ಕಲ್ಲು, ಸೋತವರ ತಾಮ್ರಪಟ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಭಾಗ್ಯ ನಮ್ಮದು. ಚಕ್ರವರ್ತಿಗಳ ಯುದ್ಧದ ಸುದ್ದಿಯನ್ನು ಸಾವಿರ ವರ್ಷ ಹೊತ್ತು ತಂದದ್ದು ಒಂದು ನಾಯಿಯ ಮೇಲಿನ ಪ್ರೀತಿ. ನಾಯಿಯ ಕಲ್ಲು ತಾನೇ ಎಂದು ಯಾರಾದರೂ ಮೋರಿಗೆ ಹಾಸಿದ್ದರೆ?

ಯಾವುದು ಮುಖ್ಯ, ಯಾವುದು ಅಲ್ಲ ಎಂದು ಮೊದಲೇ ತಿಳಿಯುವುದಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ಗ್ರಂಥಲಿಪಿಯ ಓಲೆಗರಿ ಕಟ್ಟಿನಲ್ಲಿ, ಕಳೆದೇಹೋಯಿತು ಎಂದುಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಇತ್ತು. 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಫ. ಗು. ಹಳಕಟ್ಟಿಯವರು ವಿಜಯಪುರದ ಸುತ್ತಮುತ್ತ ಮನೆ ಮನೆ ತಿರುಗಿ, ಮಾಡದಲ್ಲಿ ಪೂಜೆಗಷ್ಟೇ ಇಟ್ಟಿದ್ದ ಓಲೆಗರಿಗಳನ್ನು ಕಾಡಿ ಬೇಡಿ ತಂದು ವಚನಗಳನ್ನು ಪ್ರಕಟಿಸದೆ ಇದ್ದಿದ್ದರೆ, ಇವತ್ತು ನಾವು ಮಾತುಮಾತಿಗೆ ಹೇಳುವ ವಚನಗಳಲ್ಲಿ ಎಷ್ಟು ನಮಗೆ ಗೊತ್ತಿರುತ್ತಿದ್ದವೋ ಹೇಳಲಾರೆ.

ಹೊಟ್ಟೆಯ ಪ್ರಶ್ನೆಗೆ ಬರೋಣ. ಪ್ರವಾಸೋದ್ಯಮದಿಂದ ದುಡ್ಡು ಬರುತ್ತದೆ ಎಂದು ನಿಮಗೆ ಆಸೆ ಹುಟ್ಟಿಸುವುದಿಲ್ಲ. ಹಂಪಿ, ಬಾದಾಮಿಗೆ ಬರುವ ಜನ ನಿಮ್ಮ ಕೆರೆ ಏರಿಗೆ ಬರುವುದಿಲ್ಲ. ಆದರೆ ನೀರಿನ ಚಿಂತೆ ಎಂದಿರಲ್ಲ, ಅದಕ್ಕೆ ಕಲ್ಲಿನಲ್ಲಿ ಉತ್ತರವಿದೆ. ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕನ ಮಗ ಭಾಸ್ಕರ 1369ರಲ್ಲಿ ದೊಡ್ಡ ಕೆರೆ ಕಟ್ಟಿಸಿ ಶಾಸನ ಬರೆಸಿದ. ಎರಡು ವರ್ಷ, ದಿನಕ್ಕೆ ಸಾವಿರ ಆಳು, ನೂರು ಬಂಡಿ ಕೆಲಸ ಮಾಡಿದ ಲೆಕ್ಕ ಅದರಲ್ಲಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗ, ಕೆರೆಯ ಆರು ದೋಷಗಳನ್ನೂ ಪಟ್ಟಿ ಮಾಡಿದೆ. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಕೆರೆಯಂಗಳದ ನಡುವೆ ಆಮೆಯ ಬೆನ್ನಿನಂತೆ ಉಬ್ಬು ಇರುವುದು, ನೀರು ಕಡಿಮೆ ಅಚ್ಚುಕಟ್ಟು ಹೆಚ್ಚು, ನೀರು ಹೆಚ್ಚು ಅಚ್ಚುಕಟ್ಟು ಕಡಿಮೆ, ಮತ್ತು ಎರಡು ರಾಜ್ಯಗಳ ಗಡಿಯಲ್ಲಿರುವುದು. ಕೊನೆಯದನ್ನು ಓದಿದಾಗೆಲ್ಲ ನಮ್ಮ ಅಂತರರಾಜ್ಯ ನದಿ ಜಗಳಗಳು ನೆನಪಾಗುತ್ತವೆ. ಆರೂವರೆ ಶತಮಾನದ ಹಿಂದೆ ಒಬ್ಬರು ಇದನ್ನು ತೂಗಿ ನೋಡಿ ಕಲ್ಲಿನಲ್ಲಿ ಬರೆಸಿಟ್ಟಿದ್ದಾರೆ, ಆ ಕೆರೆ ಇವತ್ತಿಗೂ ಗದ್ದೆಗೆ ನೀರು ಕೊಡುತ್ತಿದೆ. ನಿಮ್ಮ ಏರಿಯ ಕಲ್ಲಿನಲ್ಲಿ ಹಳೆಯ ತೂಬಿನ ಸಂಗತಿ, ಕಾಲುವೆ ಹಾದುಹೋಗುತ್ತಿದ್ದ ಗದ್ದೆಗಳ ಎಲ್ಲೆ ಇದ್ದರೆ ಹೂಳೆತ್ತುವವರಿಗೆ, ಒತ್ತುವರಿ ಬಿಡಿಸುವವರಿಗೆ ಅದಕ್ಕಿಂತ ಹಳೆಯ ದಾಖಲೆ ಬೇರೆ ಸಿಗಲಾರದು.

ಜಗಳದ ಬಗ್ಗೆ ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ನನಗೂ ಇದೆ. ಆದರೆ ಸಾಕ್ಷಿ ನಾಶವಾದರೆ ಜಗಳ ನಿಲ್ಲುವುದಿಲ್ಲ. ಆಗ ಯಾರ ದನಿ ದೊಡ್ಡದೋ ಅವರ ಮಾತೇ ಇತಿಹಾಸವಾಗುತ್ತದೆ. ಶ್ರವಣಬೆಳಗೊಳದಲ್ಲಿ 1368ರ ಬುಕ್ಕರಾಯನ ಶಾಸನ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದು ಜೈನರು ರಾಜನಲ್ಲಿ ದೂರಿತ್ತಾಗ, ಅವನು ಎರಡೂ ಕಡೆಯವರನ್ನು ಕರೆಸಿ, ಎರಡು ದರ್ಶನಗಳಲ್ಲಿ ಭೇದ ಕಾಣಬಾರದು ಎಂದು ಹೇಳಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿದ. ಜೈನರಿಗೆ ಆಗುವ ಹಾನಿ ವೃದ್ಧಿಗಳನ್ನು ವೈಷ್ಣವರು ತಮ್ಮದೆಂದೇ ಕಾಣಬೇಕು ಎಂದು ಕಟ್ಟಳೆಯಾಯಿತು. ಆ ಕಾಲದಲ್ಲಿ ಜಗಳವೇ ಇರಲಿಲ್ಲ ಎನ್ನುವವರಿಗೂ, ಜಗಳ ಬಿಟ್ಟು ಬೇರೇನೂ ಇರಲಿಲ್ಲ ಎನ್ನುವವರಿಗೂ ಆ ಕಲ್ಲು ಉತ್ತರ ಕೊಡುತ್ತದೆ.

ನಮಗೆ ನಾಚಿಕೆ ತರುವ ಕಲ್ಲುಗಳನ್ನೂ ಉಳಿಸಬೇಕು. ಬಳೆ ತೊಟ್ಟ ಕೈಯೊಂದು ಮೇಲೆತ್ತಿರುವ ಮಾಸ್ತಿಕಲ್ಲು ನಿಮ್ಮ ಕಡೆಯೂ ಇರಬಹುದು, ಗಂಡನ ಜೊತೆ ಬೆಂಕಿಗೆ ಬಿದ್ದ ಹೆಂಗಸಿನದು. ಅದನ್ನು ಇಟ್ಟುಕೊಂಡರೆ ಸತಿ ಪದ್ಧತಿಯನ್ನು ಹೊಗಳಿದಂತೆ ಎಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ ದೇಕಬ್ಬೆ ಎಂಬಾಕೆಯ 1057ರ ಶಾಸನವಿದೆ. ಸಾಯುವುದು ಬೇಡ ಎಂದು ತಂದೆ ತಾಯಿ ಅಂಗಲಾಚಿದ್ದನ್ನು, ಆಕೆ ಕೇಳದೆ ಹೋದದ್ದನ್ನು ಕವಿ ಪದ್ಯಗಳಲ್ಲಿ ಬರೆದಿದ್ದಾನೆ. ಕಲ್ಲು ನಿಲ್ಲಿಸಿದ್ದು ಹೊಗಳುವುದಕ್ಕೇ. ಆದರೂ ಮಗಳು ಉಳಿಯಲಿ ಎಂದು ಅತ್ತ ಹೆತ್ತವರ ದನಿ ಅದರೊಳಗೆ ಸೇರಿಕೊಂಡಿದೆ. ಅದನ್ನು ಒಡೆದು ಹಾಕಿದ್ದರೆ ಹನ್ನೊಂದನೇ ಶತಮಾನದಲ್ಲಿ ಎಲ್ಲರೂ ಇದನ್ನು ತಲೆಬಾಗಿ ಒಪ್ಪಿದ್ದರು ಎಂದು ನಾವು ನಂಬಿಬಿಡುತ್ತಿದ್ದೆವು.

ಈಗ ನೀವು ಮಾಡಬೇಕಾದ್ದು. ಸಂವಿಧಾನದ 51ಎ ವಿಧಿ ಪರಂಪರೆಯನ್ನು ಕಾಪಾಡುವುದು ಪ್ರತಿ ನಾಗರಿಕನ ಕರ್ತವ್ಯ ಎನ್ನುತ್ತದೆ. ಸಭೆಯಲ್ಲಿ ಅದನ್ನು ಓದಿ ಹೇಳಿ, ಆದರೆ ಅದೊಂದನ್ನೇ ನಂಬಬೇಡಿ. ಸಂರಕ್ಷಿತ ಸ್ಮಾರಕದ ಪಟ್ಟಿಯಲ್ಲಿರುವ ಕಲ್ಲುಗಳಿಗಷ್ಟೇ ಕಾನೂನಿನ ಗಟ್ಟಿ ರಕ್ಷಣೆ ಇದೆ, ನಿಮ್ಮದು ಅದರಲ್ಲಿ ಇಲ್ಲದೆ ಇರುವ ಸಂಭವವೇ ಹೆಚ್ಚು. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಅದರ ಪ್ರತಿಯನ್ನು ತಹಶೀಲ್ದಾರರಿಗೂ, ಮೈಸೂರಿನಲ್ಲಿರುವ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೂ, ರಸ್ತೆ ಮಾಡುವ ಇಲಾಖೆಯ ಎಂಜಿನಿಯರರಿಗೂ ಕೊಡಿ. ರಸ್ತೆಯನ್ನು ಒಂದೆರಡು ಮೀಟರ್ ಆಚೆ ತಿರುಗಿಸಲು ಸಾಧ್ಯವೇ ಎಂದು ಮೊದಲು ಕೇಳಿ. ನಕ್ಷೆಯ ಹಂತದಲ್ಲಿ ಇದು ದೊಡ್ಡ ಕೆಲಸವೇನಲ್ಲ. ಸಾಧ್ಯವೇ ಇಲ್ಲ ಎಂದಾದರೆ ಕಲ್ಲು ನಿಂತಿರುವ ಜಾಗದ ಅಕ್ಷಾಂಶ ರೇಖಾಂಶ, ಅದು ಮುಖ ಮಾಡಿರುವ ದಿಕ್ಕು, ತೂಬಿನಿಂದ ಎಷ್ಟು ದೂರ ಎಂಬುದನ್ನು ಬರೆದಿಟ್ಟು, ಇಲಾಖೆಯವರ ಎದುರಿಗೇ ಬುಡದವರೆಗೆ ಅಗೆದು ಎತ್ತಿ, ಅದೇ ಏರಿಯ ಮೇಲೆ ನಿಲ್ಲಿಸಿ. ಜೆಸಿಬಿ ಬಕೆಟ್ಟಿನಿಂದ ಎತ್ತಿಸಬೇಡಿ. ಸರಪಳಿ ಕಟ್ಟುವುದಾದರೆ ಕಲ್ಲಿಗೆ ಗೋಣಿಚೀಲ ಸುತ್ತಿ. ಹೊಸ ಜಾಗದಲ್ಲಿ ಕಾಂಕ್ರೀಟು ಹಾಕುವಾಗ ಕೆಳಗಿನ ಸಾಲುಗಳು ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಕಲ್ಲಿಗೆ ಬಣ್ಣ ಬಳಿಯಲು ಉತ್ಸಾಹಿಗಳು ಬಂದೇ ಬರುತ್ತಾರೆ, ಬೇಡ ಎನ್ನಿ. ಆಸಿಡ್ ಬೇಡ, ಅಕ್ಷರ ಕಾಣಲೆಂದು ಸೀಮೆಸುಣ್ಣದಿಂದ ತಿದ್ದುವುದೂ ಬೇಡ. ಹಾಗೆ ತಿದ್ದಿದವರು ತಾವು ಊಹಿಸಿದ ಅಕ್ಷರವನ್ನು ಮೂಡಿಸುತ್ತಾರೆ, ಮುಂದೆ ಓದುವವನಿಗೆ ಅದೇ ಮೋಸವಾಗುತ್ತದೆ. ಎಣ್ಣೆ ಕುಂಕುಮ ಹಚ್ಚುವ ಹಿರಿಯರ ಜೊತೆ ಜಗಳಕ್ಕೆ ಹೋಗಬೇಡಿ. ಇಷ್ಟು ದಿನ ಕಲ್ಲನ್ನು ಕಾಯ್ದವರು ಅವರೇ. ಅಕ್ಷರ ಇರುವ ಮುಖ ಬಿಟ್ಟು ಪಾದದ ಹತ್ತಿರ ಹಚ್ಚಿ ಎಂದರೆ ಬಹಳ ಜನ ಒಪ್ಪುತ್ತಾರೆ. ನಿಧಿ ಇದೆ ಎಂಬ ಗ್ರಹಿಕೆಯಿಂದ ರಾತ್ರಿ ಅಗೆಯುವವರ ಬಗ್ಗೆ ಮಾತ್ರ ಎಚ್ಚರವಿರಲಿ. ಕಲ್ಲಿನಲ್ಲಿ ಏನು ಬರೆದಿದೆ ಎಂದು ಊರಿಗೆಲ್ಲ ತಿಳಿದರೆ ಆ ಕಾಟ ಅರ್ಧ ಕಡಿಮೆಯಾಗುತ್ತದೆ.

ನಿಮ್ಮ ಊರು ಹಳೆಯ ಮೈಸೂರು ಸೀಮೆಯಲ್ಲಿದ್ದರೆ ಎಪಿಗ್ರಾಫಿಯ ಕರ್ನಾಟಿಕದಲ್ಲಿ ತಾಲ್ಲೂಕಿನ ಹೆಸರಿನ ಕೆಳಗೆ ಹುಡುಕಿ, ಪಾಠ ಮೊದಲೇ ಅಚ್ಚಾಗಿರಬಹುದು. ಸಿಗದಿದ್ದರೆ ಕಲ್ಲನ್ನು ಬರಿ ನೀರಿನಿಂದ, ಮೆತ್ತನೆಯ ಬ್ರಷ್‌ನಿಂದ ತೊಳೆದು, ಸಂಜೆ ಬಿಸಿಲು ಓರೆಯಾಗಿ ಬೀಳುವಾಗ, ಇಲ್ಲವೇ ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚು ಹಿಡಿದು, ನಾಲ್ಕೂ ಮುಖದ ಫೋಟೊ ತೆಗೆದು ಕಳಿಸಿ. ಎರಡು ವೀರಗಲ್ಲುಗಳ ಪಟ್ಟಿಕೆ ಅಂಚುಗಳನ್ನೂ ಹತ್ತಿರದಿಂದ ತೆಗೆಯಿರಿ. ಓದಲು ಬಂದಷ್ಟನ್ನು ಬರೆದು ತಿಳಿಸುತ್ತೇನೆ, ಮುಂದಿನ ಗ್ರಾಮಸಭೆಯಲ್ಲಿ ಅದನ್ನೇ ಓದಿ ಹೇಳಬಹುದು.